ಮೂವತ್ತನಾಲ್ಕು

ಮಂಚವನ್ನು ಬಿಯರ್ ಕ್ರೇಟುಗಳ ಮೇಲೇರಿಸಿದ್ದ ಯೆಲ್ಮರ್,
ನಾನು ಹೇಳಿದ ಹಾಗೇ, ಎಂಬತ್ತು ಸೆಂಟಿಮೀಟರು.
ದೋಣಿಮನೆಯ ಸೂರು ತಗ್ಗು ಅನ್ನುವುದು
ಇಬ್ಬರಿಗೂ ಹೊಳೆದಿರಲಿಲ್ಲ.
ವೀಟ್ಸ್ಕೆ ಮಲಗಿದರೆ ಮೂಗಿಗೂ ಹಲಗೆಗೂ ಎರಡು ಮೊಳ.
ನಕ್ಕಳು. ಅಷ್ಟರಲ್ಲಿ ನೋವು ಬಂತು, ನಗು ಅರ್ಧಕ್ಕೇ ನಿಂತಿತು.

ನವೆಂಬರಿನ ಫ್ರೀಸ್‌ಲ್ಯಾಂಡ್.
ಹೊರಗೆ ಕಾಲುವೆಗೂ ಮಂಜಿಗೂ ಒಂದೇ ಬಣ್ಣ.
ಬೇರೆ ಮನೆಗಳಲ್ಲಿ ನಾನು ದೀಪ ತಗ್ಗಿಸುತ್ತೇನೆ.
ಇಲ್ಲಾಗದು: ಹುಟ್ಟಿನಿಂದ ಕಿವಿ ಕೇಳದವಳು,
ಇವಳ ಮಾತೆಲ್ಲ ಕೈಯಲ್ಲಿ,
ದೀಪ ಆರಿದರೆ ಮನೆಯೇ ಮೂಕ.
ಮೂರು ತಿಂಗಳಲ್ಲಿ ನಾನು ಕಲಿತ ಕೈಮಾತು ನಲವತ್ತು ಪದ:
ನೀರು, ಸಾಕು, ಇನ್ನೊಮ್ಮೆ, ಉಸಿರು, ಚೆನ್ನಾಗಿದೆ.
'ಚೆನ್ನಾಗಿದೆ'ಯನ್ನೇ ಹೆಚ್ಚು ಸವೆಸಿದ್ದೆ.

ಏಳು ತುಂಬಿದಾಗ ಕೇಳಿದ್ದಳು, ಯೆಲ್ಮರ್ ಬಾಯಿಂದ:
ಕೊಳವೆಗೆ ಕಿವಿಯಿಟ್ಟಾಗ ನಿಮ್ಮ ಮುಖ
ನನ್ನನ್ನು ಬಿಟ್ಟು ಹೋಗುತ್ತದೆ.
ಎಲ್ಲಿಗೆ?

ಅದಕ್ಕೆ ನನ್ನ ಬಳಿ ಪದವಿರಲಿಲ್ಲ.
ಬೀಚ್ ಮರದ ಕೊಳವೆ, ಗೇಣುದ್ದದ್ದು,
ಒಂದು ತುದಿ ಅವಳ ಹೊಟ್ಟೆಗೆ, ಒಂದು ನನ್ನ ಕಿವಿಗೆ.
ಖಾಲಿಯಿದ್ದ ಕೈಯ ನಡುಬೆರಳಿಂದ
ಅವಳ ಕೊರಳ ಕೆಳಗಿನ ಮೂಳೆಯ ಮೇಲೆ ತಟ್ಟಿದೆ,
ಕೇಳಿದ್ದನ್ನು ಕೇಳಿದ ಹಾಗೆ.

ಈ ರಾತ್ರಿ ಹನ್ನೊಂದರಿಂದ ಅದೇ ಕೆಲಸ.
ನೋವು ಇಳಿದ ಕೂಡಲೇ ಕಿವಿಯಿಡು,
ಹದಿನೈದು ಸೆಕೆಂಡು ಎಣಿಸು, ಬೆರಳಾಡಿಸು.
ಮೂವತ್ತನಾಲ್ಕು. ಮೂವತ್ತೈದು. ಮೂವತ್ತನಾಲ್ಕು.
ಪುಟ್ಟ ಪಾದದ ಯಾರೋ
ಹಲಗೆಯ ಅಟ್ಟದ ಮೇಲೆ ಓಡಿ ಓಡಿ
ಎಲ್ಲಿಗೂ ತಲುಪದ ಸದ್ದು.
ಅವಳು ಕಣ್ಣು ಮುಚ್ಚಿ ಮೂಳೆಯಲ್ಲಿ ಕೇಳುತ್ತಿದ್ದಳು.

ನೋವೆದ್ದಾಗ ಅವಳ ಎರಡೂ ಕೈ ಹಗ್ಗ ಹಿಡಿಯುತ್ತಿದ್ದವು;
ಹಗ್ಗ ಹಿಡಿದ ಕೈ ಮಾತಾಡದು.
ಆ ಒಂದೊಂದು ನಿಮಿಷ ಎಲ್ಲಿದ್ದಳೋ, ಯಾರಿಗೂ ಹೇಳಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ.
ಇಪ್ಪತ್ತಮೂರು.

ನನ್ನ ಬೆರಳು ಗಾಳಿಯಲ್ಲೇ ನಿಂತಿತು.
ಇಪ್ಪತ್ತು ವರ್ಷದ ಸೂಲಗಿತ್ತಿ ನಾನು,
ಮುಖಕ್ಕೆ ಸುಳ್ಳು ಕಲಿಸಿದ್ದೇನೆ:
ಹುಬ್ಬು ಅಲುಗದು, ದನಿ ಏರದು,
ಒಳಗೆ ಬೆಂಕಿ ಬಿದ್ದರೂ ಒಂದು ಲೋಟ ಚಹಾ ಕೇಳಬಲ್ಲೆ.
ಬೆರಳಿಗೆ ಏನನ್ನೂ ಕಲಿಸಿರಲಿಲ್ಲ.
ಹಳೆಯ ಓಟವನ್ನೇ ತಟ್ಟಬಹುದಿತ್ತು,
ನನ್ನ ಕಿವಿಗೊಂದು ಲೆಕ್ಕ, ಅವಳ ಮೂಳೆಗೊಂದು.
ಯಾರಿಗೆ ತಿಳಿಯುತ್ತಿತ್ತು?

ತಟ್ಟಿದೆ, ಇದ್ದದ್ದನ್ನು.
ಒಂದು.
ತಡೆದು, ಒಂದು.
ಇನ್ನೂ ತಡೆದು

ಅವಳ ಕಣ್ಣು ತೆರೆಯಿತು.
'ಮಗ್ಗುಲು' ಅನ್ನುವ ಪದಕ್ಕೆ ನಾನು ಕೈ ಹುಡುಕುವುದರೊಳಗೆ
ಅವಳೇ ಹಗ್ಗ ಬಿಟ್ಟು, ಸೂರಿಗೆ ಭುಜ ತಾಗಿಸಿ,
ಬೆಟ್ಟವೇ ಇಲ್ಲದ ಆ ನಾಡಿನಲ್ಲಿ
ಬೆಟ್ಟವೊಂದು ಹೊರಳಿದ ಹಾಗೆ ಎಡಕ್ಕೆ ಹೊರಳಿದಳು.
ಕ್ರೇಟುಗಳು ಕಿರುಗುಟ್ಟಿದವು.
ಯೆಲ್ಮರ್ ಆಂಬುಲೆನ್ಸಿಗೆ ದಾರಿ ಹೇಳುತ್ತಿದ್ದ,
ಎರಡನೇ ಸೇತುವೆ, ಅಲ್ಲ, ಹಸಿರು ದೋಣಿ, ಹಸಿರು.
ಮಗುವಿನ ಬೆನ್ನು ಈಗ ಎಲ್ಲಿ, ಎಲ್ಲಿ,
ಇಲ್ಲಿ.
ಇಪ್ಪತ್ತಾರು.
ನನ್ನ ಬೆರಳನ್ನು ಅವಳೇ ಎಳೆದು ಮೂಳೆಯ ಮೇಲಿಟ್ಟುಕೊಂಡಳು.
ಇಪ್ಪತ್ತೊಂಬತ್ತು.
ಮೂವತ್ತಮೂರು.

ದಡದಲ್ಲಿ ಆಂಬುಲೆನ್ಸಿನ ನೀಲಿ ದೀಪ ತಿರುಗುತ್ತಿರುವಾಗಲೇ ಹುಟ್ಟಿತು.
ಹೆಣ್ಣು. ಕೊರಳಿಗೆ ಒಂದು ಸುತ್ತು ಬಳ್ಳಿ, ಸಡಿಲವಾಗಿ,
ಶಾಲು ಹೊದ್ದು ಹೊರಟವಳ ಹಾಗೆ.
ಅತ್ತಿತು. ಹೀಗೆ ಅಳುತ್ತಿದೆ ನೋಡು ಎಂದು
ಯೆಲ್ಮರ್ ಬಾಯಗಲಿಸಿ ತೋರಿಸಿದ.
ವೀಟ್ಸ್ಕೆ ಅವನತ್ತ ನೋಡಲಿಲ್ಲ.
ಮಗುವಿನ ಬೆನ್ನಿಗೆ ಅಂಗೈಯೊತ್ತಿ
ಅಳುವನ್ನು ಹಿಡಿದುಕೊಂಡಿದ್ದಳು.

ಮಾಸು ಬಿದ್ದು, ಹೊಲಿಗೆಯೂ ಮುಗಿದ ಮೇಲೆ ಕೈಯಲ್ಲಿ ಕೇಳಿದಳು:
ಆಗ ಹೆದರಿದಿರಾ?
'ಚೆನ್ನಾಗಿದೆ' ಅನ್ನಲು ಎತ್ತಿದ ಕೈಯನ್ನು ಇಳಿಸಿ
ತಲೆಯಾಡಿಸಿದೆ, ಹೌದು.

ಏಳಕ್ಕೆ ಸೇತುವೆ ಎತ್ತಿದ್ದರು,
ಬೀಟ್‌ಗೆಡ್ಡೆ ಹೊತ್ತ ದೋಣಿಯೊಂದು ನಿಧಾನ ದಾಟುತ್ತಿತ್ತು.
ಕಾರಿನ ಕನ್ನಡಿಯಲ್ಲಿ ನೋಡಿಕೊಂಡೆ:
ಕಿವಿಯ ಮೇಲೆ ಕೊಳವೆ ಒತ್ತಿದ ಕೆಂಪು ಉಂಗುರ.
ಸ್ಟಿಯರಿಂಗಿನ ಮೇಲೆ ಬೆರಳು ತನ್ನ ಪಾಡಿಗೆ ತಾನಿತ್ತು.
ಸೇತುವೆ ಯಾವಾಗ ಇಳಿಯಿತೋ.
ಹಿಂದಿನವನು ಹಾರ್ನ್ ಹೊಡೆಯುತ್ತಿದ್ದನಂತೆ,
ಇಳಿದು ಬಂದು ಗಾಜು ತಟ್ಟಿದ ಮೇಲೆ ಗೊತ್ತಾಯಿತು.